ಮಾಧ್ಯಮ ತರಬೇತಿ ಸಂಸ್ಥೆಯನ್ನು ಕ್ರಮವಾಗಿ ಮುಚ್ಚುವುದು ಹೇಗೆ: ಸಣ್ಣ ಮಾಲೀಕರಿಗೊಂದು ಸಮಗ್ರ ಮಾರ್ಗದರ್ಶಿ

ಬಟ್ಟೆ ಅಂಗಡಿ ಮುಚ್ಚುವವರ ಕೈಯಲ್ಲಿ ಉಳಿಯುವುದು ಮಾಲು. ಮಾಧ್ಯಮ ತರಬೇತಿ ಸಂಸ್ಥೆ ಮುಚ್ಚುವವರ ಕೈಯಲ್ಲಿ ಉಳಿಯುವುದು ಬೇರೆಯವರ ಗುಟ್ಟು. ಕಾರ್ಖಾನೆಯಲ್ಲಿ ಅಪಘಾತವಾದರೆ ಏನು ಹೇಳಬೇಕೆಂದು ಅಭ್ಯಾಸ ಮಾಡುತ್ತಾ ತಡವರಿಸಿದ ವ್ಯವಸ್ಥಾಪಕ ನಿರ್ದೇಶಕರು, ಅಣಕು ಪತ್ರಿಕಾಗೋಷ್ಠಿಯಲ್ಲಿ ಸಿಟ್ಟಿಗೆದ್ದ ಅಧಿಕಾರಿ, ರೋಗಿಯ ಸಾವಿನ ಬಗ್ಗೆ ಕೇಳಿದಾಗ ಮಾತು ನಿಂತುಹೋದ ವೈದ್ಯೆ, ಇಂಥವರೆಲ್ಲ ನಿಮ್ಮ ಹಾರ್ಡ್‌ಡಿಸ್ಕ್‌ಗಳಲ್ಲಿದ್ದಾರೆ. ಲೋಕದ ಮುಂದೆ ಎಡವಬಾರದೆಂದು ನಿಮ್ಮ ಕ್ಯಾಮೆರಾದ ಮುಂದೆ ಎಡವಿದವರು ಅವರು. ಸಂಸ್ಥೆಯ ಲೆಕ್ಕ ಚುಕ್ತಾ ಮಾಡುವಾಗ ಈ ನಂಬಿಕೆಯ ಲೆಕ್ಕವೂ ಚುಕ್ತಾ ಆಗಬೇಕು. ತೆರಿಗೆ, ನೋಂದಣಿ, ಸಿಬ್ಬಂದಿ ಬಾಕಿ ಎಲ್ಲವನ್ನೂ ಇಲ್ಲಿ ಹೇಳಿದ್ದೇನೆ. ಆದರೆ ಮುದ್ರಿತ ವಿಡಿಯೊಗಳ ವಿಲೇವಾರಿಗೆ ಹೆಚ್ಚು ಜಾಗ ಕೊಟ್ಟಿರುವುದು ಇದೇ ಕಾರಣಕ್ಕೆ.

ಇಲ್ಲಿ ಹೇಳಿರುವ ಕಾನೂನುಗಳು ಭಾರತದವು. ಹೆಚ್ಚಿನ ವಿವರ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಸಂಬಂಧಿಸಿದ್ದು. ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ), ಸಾಮಾನ್ಯ ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳಿಗೆ ಬೇಕಾದದ್ದನ್ನು ಆಯಾ ಜಾಗದಲ್ಲಿ ಸೂಚಿಸಿದ್ದೇನೆ.

1. ಸಾಲ ತೀರಿಸುವ ಶಕ್ತಿ ಇದೆಯೇ ನೋಡಿ

ಮುಚ್ಚುವ ನಿರ್ಧಾರವನ್ನು ಯಾರಿಗೂ ಹೇಳುವ ಮುನ್ನ ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ. ಒಂದು ಕಡೆ ಬ್ಯಾಂಕಿನಲ್ಲಿರುವ ಹಣ, ಬರಬೇಕಾದ ಶುಲ್ಕ, ಕಚೇರಿ ಮುಂಗಡ, ಮಾರಿದರೆ ಸಿಗುವ ಸಲಕರಣೆಯ ಬೆಲೆ, ಟೆಂಡರ್‌ಗಾಗಿ ಇಟ್ಟ ಠೇವಣಿ. ಇನ್ನೊಂದು ಕಡೆ ಸಂಬಳ, ಗ್ರಾಚ್ಯುಟಿ, ಹವ್ಯಾಸಿ ತರಬೇತುದಾರರ ಬಾಕಿ, ಬಾಡಿಗೆ, ಸಾಲದ ಕಂತು, ತೆರಿಗೆ ಮತ್ತು ಎಲ್ಲರೂ ಮರೆಯುವ ಒಂದು ಬಾಬ್ತು: ಮುಂಗಡ ಹಣ ಪಡೆದು ಇನ್ನೂ ನಡೆಸದ ಶಿಬಿರಗಳು. ಈ ಮುಂಗಡ ಬ್ಯಾಂಕ್ ಖಾತೆಯಲ್ಲಿ ನಿಮ್ಮ ಹಣದಂತೆ ಕಾಣುತ್ತದೆ. ಶಿಬಿರ ನಡೆಯುವವರೆಗೆ ಅದು ಗ್ರಾಹಕರ ಹಣ.

ಎರಡನೆಯ ಪಟ್ಟಿಯೇ ದೊಡ್ಡದಾದರೆ ಹೊಸ ಶುಲ್ಕ ಪಡೆಯುವುದನ್ನು ಆ ದಿನವೇ ನಿಲ್ಲಿಸಿ. ಹಳೆಯ ಸಾಲ ತೀರಿಸಲು ಹೊಸ ಗ್ರಾಹಕರ ಮುಂಗಡ ಬಳಸುವುದು ಅಪ್ರಾಮಾಣಿಕ. ನಿರ್ದೇಶಕರಿಗೆ ವೈಯಕ್ತಿಕವಾಗಿ ಅಪಾಯಕಾರಿ ಕೂಡ. ಕಂಪನಿ ದಿವಾಳಿಯಾಗುವುದು ತಪ್ಪದು ಎಂದು ತಿಳಿದ ಮೇಲೂ ಸಾಲ ಕೊಟ್ಟವರ ನಷ್ಟ ತಗ್ಗಿಸಲು ಪ್ರಯತ್ನಿಸದ ನಿರ್ದೇಶಕರ ಮೇಲೆ, ಪ್ರಕರಣ ದಿವಾಳಿ ಪ್ರಕ್ರಿಯೆಗೆ ಹೋದಾಗ, 2016ರ ದಿವಾಳಿ ಸಂಹಿತೆಯ 66ನೇ ಕಲಂ ಅಡಿ ಹೊಣೆ ಹೊರಿಸಬಹುದು. ಬ್ಯಾಂಕ್ ಸಾಲಕ್ಕೆ ನೀವು ವೈಯಕ್ತಿಕ ಜಾಮೀನು ಕೊಟ್ಟಿದ್ದರೆ ಕಂಪನಿ ಮುಚ್ಚಿದ ಮಾತ್ರಕ್ಕೆ ಆ ಜಾಮೀನು ಹೋಗುವುದಿಲ್ಲ. ಇಂಥ ಸ್ಥಿತಿಯಲ್ಲಿ ಮುಂದಿನ ಹಂತಗಳಿಗೆ ಕೈಹಾಕದೆ ಮೊದಲು ದಿವಾಳಿ ವೃತ್ತಿಪರರನ್ನೋ (ದಿವಾಳಿ ಪ್ರಕ್ರಿಯೆ ನಡೆಸಲು ಅಧಿಕೃತ ನೋಂದಣಿ ಪಡೆದವರು) ವಕೀಲರನ್ನೋ ಕಾಣಿರಿ, ಸಾಲ ಕೊಟ್ಟವರೊಂದಿಗೆ ಕುಳಿತು ಮಾತನಾಡಿ.

ಮೊದಲ ಪಟ್ಟಿ ದೊಡ್ಡದಿದ್ದರೆ ಮುಂದೆ ಓದಿ.

2. ಮುಚ್ಚುವ ದಾರಿ ಆರಿಸಿಕೊಳ್ಳಿ

ಸಾಲ ತೀರಿಸುವ ಶಕ್ತಿಯಿರುವ ಸಣ್ಣ ಕಂಪನಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, 2013ರ ಕಂಪನಿ ಕಾಯ್ದೆಯ 248ನೇ ಕಲಂ ಪ್ರಕಾರ ನೋಂದಣಿ ಪುಸ್ತಕದಿಂದ ಕಂಪನಿಯ ಹೆಸರನ್ನು ತೆಗೆಸುವುದು. ಖರ್ಚು ಕಡಿಮೆ, ಸರ್ಕಾರಿ ಶುಲ್ಕ ₹10,000. ಆದರೆ ಇದರಲ್ಲಿ ಒಂದು ಷರತ್ತಿದೆ, ಅದನ್ನು ಮೊದಲೇ ತಿಳಿದುಕೊಳ್ಳದಿದ್ದರೆ ಇಡೀ ಯೋಜನೆ ತಲೆಕೆಳಗಾಗುತ್ತದೆ. ವ್ಯವಹಾರ ಮಾಡುತ್ತಿದ್ದ ಕಂಪನಿ ಈ ದಾರಿ ಹಿಡಿಯಬೇಕಾದರೆ ಹಿಂದಿನ ಎರಡು ಹಣಕಾಸು ವರ್ಷಗಳಲ್ಲಿ ಯಾವ ವ್ಯವಹಾರವನ್ನೂ ನಡೆಸಿರಬಾರದು. ಅಂದರೆ ಈ ತಿಂಗಳು ಕೊನೆಯ ಶಿಬಿರ ಮುಗಿಸಿ ಮುಂದಿನ ತಿಂಗಳು ಅರ್ಜಿ ಹಾಕುವಂತಿಲ್ಲ. ನಡುವಿನ ವರ್ಷಗಳಲ್ಲಿ ಲೆಕ್ಕಪರಿಶೋಧನೆ, ವಾರ್ಷಿಕ ಲೆಕ್ಕ, ಆದಾಯ ತೆರಿಗೆ ರಿಟರ್ನ್ ಎಲ್ಲವೂ ಎಂದಿನಂತೆ ಸಲ್ಲಿಕೆಯಾಗಬೇಕು.

ಎರಡು, ದಿವಾಳಿ ಸಂಹಿತೆಯ 59ನೇ ಕಲಂ ಪ್ರಕಾರ ಸ್ವಯಂ ಸಮಾಪನ, ಅಂದರೆ ಆಸ್ತಿ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಷೇರುದಾರರಿಗೆ ಹಂಚಿ ಕಂಪನಿಯನ್ನು ತಾವಾಗಿಯೇ ಮುಗಿಸುವುದು. ಇಲ್ಲಿ ಎರಡು ವರ್ಷ ಕಾಯುವ ಅಗತ್ಯವಿಲ್ಲ. ಬಹುಪಾಲು ನಿರ್ದೇಶಕರು, ಕಂಪನಿಗೆ ಸಾಲ ತೀರಿಸುವ ಶಕ್ತಿಯಿದೆ, ಯಾರನ್ನೂ ವಂಚಿಸಲು ಮುಚ್ಚುತ್ತಿಲ್ಲ ಎಂದು ಪ್ರಮಾಣಪತ್ರ ಕೊಡಬೇಕು. ಅದಾದ ನಾಲ್ಕು ವಾರಗಳೊಳಗೆ ಷೇರುದಾರರು ವಿಶೇಷ ನಿರ್ಣಯ ಅಂಗೀಕರಿಸಿ ದಿವಾಳಿ ವೃತ್ತಿಪರರೊಬ್ಬರನ್ನು ಸಮಾಪಕರಾಗಿ ನೇಮಿಸಬೇಕು. ಸಾಲ ಕೊಟ್ಟವರಿದ್ದರೆ ಮೌಲ್ಯದ ಮೂರನೇ ಎರಡು ಪಾಲಿನಷ್ಟು ಜನರ ಒಪ್ಪಿಗೆ ಏಳು ದಿನಗಳಲ್ಲಿ ಬೇಕು. ಕೊನೆಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ವಿಸರ್ಜನೆಯ ಆದೇಶ ಕೊಡುತ್ತದೆ. ಇದು ಹೆಚ್ಚು ಭದ್ರವಾದ ಮುಕ್ತಾಯ. ಆದರೆ ನಾಲ್ಕು ಜನರ ತರಬೇತಿ ಕಂಪನಿಗೆ ಸಮಾಪಕರ ಶುಲ್ಕ, ಜಾಹೀರಾತು, ನ್ಯಾಯಮಂಡಳಿಯ ಖರ್ಚು ಎಲ್ಲ ಸೇರಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಷೇರುದಾರರಿಗೆ ಹಂಚಬೇಕಾದ ದೊಡ್ಡ ಮೊತ್ತ ಉಳಿದಿದ್ದರೆ ಅಥವಾ ಷೇರುದಾರರ ನಡುವೆ ಮನಸ್ತಾಪವಿದ್ದರೆ ಮಾತ್ರ ನಾನು ಈ ದಾರಿಯನ್ನು ಸೂಚಿಸುತ್ತೇನೆ.

ಮುಂದೆ ಮತ್ತೆ ಆರಂಭಿಸುವ ಆಸೆ ಮನಸ್ಸಿನಲ್ಲಿದ್ದರೆ ಕಂಪನಿ ಕಾಯ್ದೆಯ 455ನೇ ಕಲಂ ಅಡಿ ‘ಸುಪ್ತ ಕಂಪನಿ’ ಸ್ಥಾನಮಾನ ಪಡೆಯಬಹುದು. ಹಾಗೆಂದು ಮುಚ್ಚುವ ನಿರ್ಧಾರವನ್ನು ಮುಂದೂಡುವ ನೆಪವಾಗಿ ಅದನ್ನು ಬಳಸಬೇಡಿ.

ಎಲ್‌ಎಲ್‌ಪಿಗೆ ಕಾಯುವ ಅವಧಿ ಕಡಿಮೆ: ಒಂದು ವರ್ಷ ಅಥವಾ ಹೆಚ್ಚು ಕಾಲ ವ್ಯವಹಾರವಿಲ್ಲದಿದ್ದರೆ ಎಲ್ಲ ಪಾಲುದಾರರ ಒಪ್ಪಿಗೆಯೊಂದಿಗೆ ಫಾರಂ 24 ಸಲ್ಲಿಸಬಹುದು. 1932ರ ಪಾಲುದಾರಿಕೆ ಕಾಯ್ದೆಯ ಅಡಿ ನಡೆಯುವ ಸಂಸ್ಥೆಗಳು ವಿಸರ್ಜನೆಯ ಬಗ್ಗೆ ಸಾರ್ವಜನಿಕ ಪ್ರಕಟಣೆ ಕೊಡಲೇಬೇಕು. ಕೊಡುವವರೆಗೆ ಒಬ್ಬ ಪಾಲುದಾರ ಮಾಡಿದ ವ್ಯವಹಾರಕ್ಕೆ ಇನ್ನೊಬ್ಬರು ಹೊಣೆಯಾಗುತ್ತಲೇ ಇರುತ್ತಾರೆ. ಏಕಮಾಲೀಕರಿಗೆ ವಿಸರ್ಜನೆಯೆಂಬ ಪ್ರತ್ಯೇಕ ವಿಧಿಯಿಲ್ಲ, ನೋಂದಣಿಗಳನ್ನು ಒಂದೊಂದಾಗಿ ರದ್ದುಪಡಿಸಿದರೆ ಸಾಕು. ಆದರೆ ಸಂಸ್ಥೆಯ ಸಾಲವೆಲ್ಲ ಅವರ ಸ್ವಂತ ಸಾಲ.

3. ಕೊನೆಯ ಶಿಬಿರದ ದಿನಾಂಕ ಗೊತ್ತುಮಾಡಿ

ಒಪ್ಪಂದಗಳ ಕಡತವನ್ನೆಲ್ಲ ಹೊರತೆಗೆದು ಕುಳಿತುಕೊಳ್ಳಿ. ಪ್ರತಿಯೊಂದರಲ್ಲೂ ನಾಲ್ಕು ಸಂಗತಿ ಗುರುತಿಸಿ: ಬಾಕಿಯಿರುವ ಶಿಬಿರಗಳು, ಒಪ್ಪಂದ ಮುರಿಯಲು ಕೊಡಬೇಕಾದ ನೋಟಿಸ್ ಅವಧಿ, ಪಡೆದಿರುವ ಮುಂಗಡ, ಗೋಪ್ಯತೆಯ ಷರತ್ತು. ಎಲ್ಲಕ್ಕಿಂತ ದೀರ್ಘವಾದ ನೋಟಿಸ್ ಅವಧಿಯೇ ನಿಮ್ಮ ಕೊನೆಯ ದಿನಾಂಕವನ್ನು ನಿರ್ಧರಿಸುತ್ತದೆ. ಸಾಧ್ಯವಾದರೆ ಆ ದಿನ ಮಾರ್ಚ್ 31ರ ಒಳಗೆ ಬರುವಂತೆ ನೋಡಿಕೊಳ್ಳಿ. ಏಪ್ರಿಲ್‌ನಲ್ಲಿ ಒಂದೇ ಒಂದು ಶಿಬಿರ ನಡೆಸಿದರೂ ಅದು ವ್ಯವಹಾರವಿದ್ದ ವರ್ಷವಾಗುತ್ತದೆ, ಎರಡು ವರ್ಷಗಳ ಎಣಿಕೆ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ.

ಬಿಕ್ಕಟ್ಟು ನಿರ್ವಹಣೆಗಾಗಿ ವರ್ಷಪೂರ್ತಿ ನಿಮ್ಮನ್ನು ನೆಚ್ಚಿಕೊಂಡ ಗ್ರಾಹಕರಿದ್ದರೆ ಅವರ ವಿಚಾರ ಬೇರೆ. ನಡುರಾತ್ರಿ ದೂರವಾಣಿ ಮಾಡಿ ‘ನಾಳೆ ಬೆಳಗ್ಗೆ ವಾಹಿನಿಯವರು ಬರುತ್ತಾರೆ’ ಎನ್ನುವವರು ಅವರು. ನೋಟಿಸ್ ಅವಧಿ ಮುಗಿಯಿತೆಂದು ಅವರನ್ನು ನಡುನೀರಿನಲ್ಲಿ ಬಿಡಬೇಡಿ. ಬೇರೊಬ್ಬ ತರಬೇತುದಾರರನ್ನು ಪರಿಚಯಿಸಿ, ಒಂದು ಜಂಟಿ ಸಭೆ ನಡೆಸಿ. ಗ್ರಾಹಕರ ಲಿಖಿತ ಒಪ್ಪಿಗೆಯಿಲ್ಲದೆ ಮಾತ್ರ ಒಂದೇ ಒಂದು ಕಡತವನ್ನೂ ಹೊಸಬರ ಕೈಗೆ ಕೊಡಬೇಡಿ.

4. ಸಿಬ್ಬಂದಿಗೆ ಎಲ್ಲರಿಗಿಂತ ಮೊದಲು ತಿಳಿಸಿ

ಸುದ್ದಿ ಯಾರನ್ನು ಹೆಚ್ಚು ತಟ್ಟುತ್ತದೋ ಅವರಿಗೆ ಮೊದಲು, ನೇರವಾಗಿ, ನಿಮ್ಮ ಬಾಯಿಂದಲೇ ತಿಳಿಯಬೇಕು. ತರಗತಿಯಲ್ಲಿ ನೀವೇ ನೂರಾರು ಜನರಿಗೆ ಹೇಳಿಕೊಟ್ಟ ಪಾಠವಿದು. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕಾರಣ, ಕೊನೆಯ ದಿನ, ಕೈಗೆ ಸಿಗುವ ಹಣ, ಸಿಗುವ ದಿನಾಂಕ ಹೇಳಿ. ಮೊತ್ತವನ್ನು ಬರಹದಲ್ಲಿ ಕೊಡಿ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಹಳೆಯ ಪಟ್ಟಿ ಹಿಡಿದು ಲೆಕ್ಕ ಹಾಕಬೇಡಿ. ಸಂಸ್ಥೆ ಮುಚ್ಚಿದ್ದರಿಂದ ಕೆಲಸ ಹೋದವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆನ್ನುತ್ತದೆ ವೇತನ ಸಂಹಿತೆ. ತಿಂಗಳ ಕೊನೆಯವರೆಗೆ ಕಾಯಿಸುವ ರೂಢಿಗೆ ಇಲ್ಲಿ ಜಾಗವಿಲ್ಲ, ಆ ಹಣವನ್ನು ಮೊದಲೇ ಬದಿಗಿಡಿ. ಕಾನೂನಿನ ಪ್ರಕಾರ ‘ಕಾರ್ಮಿಕ’ ಎನಿಸಿಕೊಳ್ಳುವವರಿಗೆ, ಒಂದು ವರ್ಷ ಸತತ ಸೇವೆಯಾಗಿದ್ದರೆ, ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರವೂ ಸಲ್ಲುತ್ತದೆ. ಸರ್ಕಾರಕ್ಕೆ 60 ದಿನ ಮೊದಲೇ ನೋಟಿಸ್ ಕೊಡಬೇಕೆಂಬ ನಿಯಮ 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ.

ಗ್ರಾಚ್ಯುಟಿಯ ನಿಯಮ 10 ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಐದು ವರ್ಷ ಸೇವೆ ಪೂರೈಸಿದ, ಕೊನೆಯ ವೇತನ ₹26,000 ಇದ್ದ ಛಾಯಾಗ್ರಾಹಕರೊಬ್ಬರ ಲೆಕ್ಕ ನೋಡಿ: 26,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ ₹15,000, ಐದು ವರ್ಷಕ್ಕೆ ₹75,000. ಇದನ್ನು 30 ದಿನಗಳೊಳಗೆ ಕೊಡಬೇಕು. ನಿಗದಿತ ಅವಧಿಯ ಒಪ್ಪಂದದ ಮೇಲಿದ್ದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷದ ಸೇವೆಯೇ ಸಾಕು.

ಭವಿಷ್ಯ ನಿಧಿ ಇದ್ದರೆ ಪ್ರತಿಯೊಬ್ಬರ ನಿರ್ಗಮನ ದಿನಾಂಕವನ್ನು ಪೋರ್ಟಲ್‌ನಲ್ಲಿ ನಮೂದಿಸಿ. ಒಂದೇ ನಿಮಿಷದ ಕೆಲಸ. ಉದ್ಯೋಗದಾತರು ಅದನ್ನು ಮಾಡದೆ ಹೋದದ್ದರಿಂದ ತಮ್ಮ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆಯುವ ನೌಕರರಿದ್ದಾರೆ. ಅನುಭವ ಪತ್ರವನ್ನೂ ಆಗಲೇ ಕೊಡಿ. ಸಂಸ್ಥೆಯೇ ಇಲ್ಲವಾದ ಮೇಲೆ ಅವರು ಯಾರ ಬಾಗಿಲು ತಟ್ಟಬೇಕು?

ಮಾಧ್ಯಮ ತರಬೇತಿಯಲ್ಲಿ ಬಹಳಷ್ಟು ಕೆಲಸವನ್ನು ಹೊರಗಿನವರು, ಬಹುಪಾಲು ಮಾಜಿ ಪತ್ರಕರ್ತರು, ದಿನದ ಲೆಕ್ಕದಲ್ಲಿ ಮಾಡುತ್ತಾರೆ. ಅವರ ಬಿಲ್ ಚುಕ್ತಾ ಮಾಡಿ, ಅದರಿಂದ ಕಡಿತ ಮಾಡಿದ ಆದಾಯ ತೆರಿಗೆ (ಟಿಡಿಎಸ್) ಕಟ್ಟಿ, ಆ ತ್ರೈಮಾಸಿಕದ ರಿಟರ್ನ್ ಸಲ್ಲಿಸಿ ಪ್ರಮಾಣಪತ್ರ ಕೊಡಿ. ರಿಟರ್ನ್ ಹಾಕದಿದ್ದರೆ ಅವರ ತೆರಿಗೆ ಖಾತೆಯಲ್ಲಿ ಆ ಹಣ ಕಾಣಿಸುವುದೇ ಇಲ್ಲ.

5. ಗ್ರಾಹಕರಿಗೆ ಪತ್ರ ಬರೆಯಿರಿ

ಮೊದಲು ದೊಡ್ಡ ಗ್ರಾಹಕರಿಗೆ ದೂರವಾಣಿ, ಅದೇ ದಿನ ಎಲ್ಲರಿಗೂ ಪತ್ರ, ಮರುದಿನ ಸಾರ್ವಜನಿಕ ಪ್ರಕಟಣೆ. ಈ ಮೂರರ ನಡುವೆ ಅಂತರ ಹೆಚ್ಚಿದಷ್ಟೂ ಸುದ್ದಿ ಕಿವಿಯಿಂದ ಕಿವಿಗೆ ಹೋಗಿ ಬಣ್ಣ ಕಟ್ಟಿಕೊಳ್ಳುತ್ತದೆ. ಪತ್ರ ಹೀಗಿರಲಿ:

‘ಮುಂದಿನ ಮಾರ್ಚ್ 31ರಂದು ನಮ್ಮ ಸಂಸ್ಥೆ ತನ್ನ ತರಬೇತಿ ಕಾರ್ಯವನ್ನು ನಿಲ್ಲಿಸುತ್ತಿದೆ. ನಿಮಗಾಗಿ ನಿಗದಿಯಾಗಿರುವ ಎರಡು ಶಿಬಿರಗಳನ್ನು ಆ ದಿನಾಂಕದೊಳಗೆ ನಡೆಸಿಕೊಡುತ್ತೇವೆ. ಅದು ಅನುಕೂಲವಾಗದಿದ್ದರೆ ಮುಂಗಡವನ್ನು ತೆರಿಗೆ ಸಹಿತ ಮರಳಿಸುತ್ತೇವೆ. ನಿಮ್ಮ ತಂಡದ ತರಬೇತಿಯ ವಿಡಿಯೊಗಳು ಮತ್ತು ಸಿದ್ಧತಾ ಟಿಪ್ಪಣಿಗಳು ನಮ್ಮ ಬಳಿ ಇವೆ. ಅವನ್ನು ನಿಮಗೆ ಒಪ್ಪಿಸಿ ಅಳಿಸಬೇಕೇ, ಹಾಗೆಯೇ ಅಳಿಸಬೇಕೇ ಎಂಬುದನ್ನು 30 ದಿನಗಳಲ್ಲಿ ತಿಳಿಸಿ. ಉತ್ತರ ಬಾರದಿದ್ದರೆ ಅಳಿಸಿ, ಅದರ ದೃಢೀಕರಣವನ್ನು ಕಳುಹಿಸುತ್ತೇವೆ.’

ಕಾರಣವನ್ನು ಒಂದು ವಾಕ್ಯದಲ್ಲಿ ಸೇರಿಸಬಹುದು, ಅದು ನಿಜವಾಗಿರಬೇಕು. ‘ಹೊಸ ದಿಕ್ಕಿನತ್ತ ಹೆಜ್ಜೆ’ ಎಂಬಂಥ ಮಾತು ಬೇಡ. ಅಂಥ ಮಾತನ್ನು ಬಿಡಿಸಿ ನೋಡುವುದು ಹೇಗೆಂದು ಈ ಓದುಗರಿಗೆ ಕಲಿಸಿದವರೇ ನೀವು.

ಮುಂಗಡಕ್ಕೆ ಜಿಎಸ್‌ಟಿ ಕಟ್ಟಿ ಶಿಬಿರ ನಡೆಸದಿದ್ದರೆ ಮರುಪಾವತಿ ವೋಚರ್ ಕೊಟ್ಟು ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಿ. ಪೂರ್ತಿ ಬಿಲ್ ಮಾಡಿಬಿಟ್ಟಿದ್ದರೆ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತವನ್ನು ಇಳಿಸುವ ಪತ್ರ, ಬೇಕು. ಬಿಲ್ ಮಾಡಿದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು ತೆರಿಗೆ ಹೊಂದಾಣಿಕೆಗೆ ಗಡುವು. ಇವೆಲ್ಲ ಜಿಎಸ್‌ಟಿ ನೋಂದಣಿ ಜೀವಂತವಿರುವಾಗಲೇ ಮುಗಿಯಬೇಕು.

6. ಬರಬೇಕಾದ ಹಣ ವಸೂಲಿ ಮಾಡಿ

ಬಿಲ್ ಮಾಡದೆ ಉಳಿದ ಕೆಲಸಕ್ಕೆಲ್ಲ ಈ ವಾರವೇ ಬಿಲ್ ಕಳುಹಿಸಿ. ಮುಚ್ಚುವ ಸಂಸ್ಥೆಗೆ ಹಣ ಕೊಡಲು ದೊಡ್ಡ ಕಂಪನಿಗಳ ಲೆಕ್ಕಪತ್ರ ವಿಭಾಗಕ್ಕೆ ಆತುರವಿರುವುದಿಲ್ಲ. ಉದ್ಯಮ್ ನೋಂದಣಿ ಹೊಂದಿದ ಸೂಕ್ಷ್ಮ ಅಥವಾ ಸಣ್ಣ ಉದ್ಯಮ ನಿಮ್ಮದಾದರೆ ಕೈಯಲ್ಲೊಂದು ಅಸ್ತ್ರವಿದೆ: 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಏನೇ ಇದ್ದರೂ 45 ದಿನ ಮೀರಿ ಬಾಕಿ ಇಡುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಚಕ್ರಬಡ್ಡಿ ಕೊಡಬೇಕು. ಅಷ್ಟೇ ಅಲ್ಲ, ಸಮಯಕ್ಕೆ ಕೊಡದ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸಲು ಅವರಿಗೆ ಬರುವುದಿಲ್ಲ. ಜ್ಞಾಪನಾ ಪತ್ರದಲ್ಲಿ ಈ ಎರಡೂ ಸಂಗತಿಗಳನ್ನು ವಿನಯದಿಂದಲೇ ನೆನಪಿಸಿ. ಹಾಗಾಗಿ ಉದ್ಯಮ್ ನೋಂದಣಿಯನ್ನು ವಸೂಲಿ ಮುಗಿದ ಮೇಲಷ್ಟೇ ರದ್ದುಪಡಿಸಿ.

ಸರ್ಕಾರಿ ಇಲಾಖೆಗಳಿಗೆ ತರಬೇತಿ ಕೊಟ್ಟಿದ್ದರೆ ಟೆಂಡರ್ ಠೇವಣಿ ಮತ್ತು ಬ್ಯಾಂಕ್ ಗ್ಯಾರಂಟಿಯ ಮೂಲ ಪ್ರತಿ ಅಲ್ಲೇ ಇರುತ್ತದೆ. ಗ್ಯಾರಂಟಿ ಮರಳಿ ಬಂದು ಬ್ಯಾಂಕ್ ಅದನ್ನು ಬಿಡುಗಡೆ ಮಾಡದೆ ನಿಮ್ಮ ಖಾತೆ ಮುಚ್ಚುವುದಿಲ್ಲ. ಇದಕ್ಕೆ ಓಡಾಟ ಬೇಕು, ಬೇಗ ಶುರುಮಾಡಿ.

7. ವಿಡಿಯೊಗಳು, ಟಿಪ್ಪಣಿಗಳು, ಬಿಕ್ಕಟ್ಟಿನ ಕಡತಗಳು

ಒಂದು ದಿನದ ಸಾಮಾನ್ಯ ಶಿಬಿರವನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ಇಬ್ಬರು ಶಿಬಿರಾರ್ಥಿಗಳ ಅಣಕು ಸಂದರ್ಶನ ಎರಡು ಕ್ಯಾಮೆರಾಗಳಲ್ಲಿ ಮುದ್ರಣವಾಯಿತು. ಎರಡು ಮೆಮೊರಿ ಕಾರ್ಡ್. ಮಧ್ಯಾಹ್ನ ತೋರಿಸಲು ಲ್ಯಾಪ್‌ಟಾಪ್‌ಗೆ ನಕಲಾಯಿತು. ಧ್ವನಿ ಪ್ರತ್ಯೇಕ ರೆಕಾರ್ಡರ್‌ನಲ್ಲಿದೆ. ಸಂಜೆ ಸಂಕಲನಕಾರರು ತಮ್ಮ ಮನೆಯ ಕಂಪ್ಯೂಟರ್‌ಗೆ ಒಯ್ದರು. ಸಿದ್ಧವಾದ ತುಣುಕು ಕ್ಲೌಡ್ ಫೋಲ್ಡರ್ ಸೇರಿತು, ಕೊಂಡಿ ಗ್ರಾಹಕರಿಗೆ ಹೋಯಿತು. ತರಬೇತುದಾರರು ಒಂದು ನಿಮಿಷದ ತುಣುಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರು. ರಾತ್ರಿ ಇಡೀ ಲ್ಯಾಪ್‌ಟಾಪ್ ಬ್ಯಾಕಪ್ ಡಿಸ್ಕ್‌ಗೆ ನಕಲಾಯಿತು. ಒಂದೇ ಸಂದರ್ಶನ, ಎಂಟೊಂಬತ್ತು ಜಾಗ. ‘ಫೋಲ್ಡರ್ ಅಳಿಸಿದ್ದೇವೆ’ ಎಂದರೆ ಅದರಲ್ಲಿ ಒಂದು ಜಾಗ ಖಾಲಿಯಾಯಿತು, ಅಷ್ಟೆ.

ಆದ್ದರಿಂದ ಅಳಿಸುವ ಮೊದಲು ಹುಡುಕಬೇಕು. ಮೊದಲು ಸಾಧನಗಳ ಪಟ್ಟಿ: ಕ್ಯಾಮೆರಾ, ಕಾರ್ಡ್, ರೆಕಾರ್ಡರ್, ಪೆನ್‌ಡ್ರೈವ್, ಡಿಸ್ಕ್, ಲ್ಯಾಪ್‌ಟಾಪ್, ಫೋನ್. ಕ್ಯಾಮೆರಾ ಚೀಲದ ಪಕ್ಕದ ಜೇಬುಗಳನ್ನೂ ಕೊಡವಿ ನೋಡಿ, ಹಳೆಯ ಕಾರ್ಡ್‌ಗಳು ಉಳಿಯುವುದು ಅಲ್ಲೇ. ಆಮೇಲೆ ಖಾತೆಗಳ ಪಟ್ಟಿ: ಕ್ಲೌಡ್ ಸಂಗ್ರಹ, ವಿಡಿಯೊ ಸಭೆಯ ಮುದ್ರಣಗಳು, ಖಾಸಗಿಯಾಗಿ ಏರಿಸಿದ ವಿಡಿಯೊಗಳು, ಇ-ಮೇಲ್ ಲಗತ್ತುಗಳು, ಮಾತನ್ನು ಬರಹಕ್ಕಿಳಿಸುವ ತಂತ್ರಾಂಶಗಳು. ಕೊನೆಗೆ ವ್ಯಕ್ತಿಗಳ ಪಟ್ಟಿ: ತರಬೇತುದಾರರು, ಸಂಕಲನಕಾರರು, ಹಿಂದೆ ಕೆಲಸ ಬಿಟ್ಟವರು. ಪ್ರತಿಯೊಬ್ಬರಿಂದಲೂ ‘ನನ್ನ ಬಳಿ ಯಾವ ನಕಲೂ ಇಲ್ಲ’ ಎಂಬ ಸಹಿ ಮಾಡಿದ ಹೇಳಿಕೆ ಪಡೆಯಿರಿ. ಹೊರಗಿನವರ ಕೊನೆಯ ಬಿಲ್ ಪಾವತಿಸುವ ಹೊತ್ತಿಗೇ ಇದನ್ನು ಕೇಳಿದರೆ ಮುಜುಗರವಿಲ್ಲದೆ ಆಗುತ್ತದೆ.

ವಿಡಿಯೊಗಳಿಗಿಂತ ಅಪಾಯಕಾರಿಯಾದದ್ದು ಕಾಗದ. ಬಿಕ್ಕಟ್ಟಿನ ಸಿದ್ಧತೆಗಾಗಿ ಬರೆದ ‘ಕಠಿಣ ಪ್ರಶ್ನೆಗಳು’ ಎಂಬ ಕಡತದಲ್ಲಿ ಗ್ರಾಹಕರ ಎಲ್ಲ ದುರ್ಬಲ ಜಾಗಗಳೂ ಒಂದೇ ಕಡೆ, ಅಚ್ಚುಕಟ್ಟಾಗಿ, ಉತ್ತರ ಸಹಿತ ಇರುತ್ತವೆ. ಅದನ್ನು ಹರಿದು ಕಸಕ್ಕೆ ಹಾಕುವುದಲ್ಲ, ಯಂತ್ರದಲ್ಲಿ ಚೂರು ಮಾಡಿಸಿ. ಬಿಳಿ ಹಲಗೆಯ ಫೋಟೊ ತೆಗೆದ ಫೋನ್‌ಗಳನ್ನು ಮರೆಯಬೇಡಿ.

ಅಳಿಸುವ ವಿಧಾನ ಸಾಧನಕ್ಕೆ ತಕ್ಕಂತೆ ಬೇರೆ. ಕ್ಯಾಮೆರಾದಲ್ಲೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಸೂಚಿ ಮಾತ್ರ ಹೋಗುತ್ತದೆ, ಸುಲಭವಾಗಿ ಸಿಗುವ ತಂತ್ರಾಂಶದಿಂದ ವಿಡಿಯೊ ಮರಳಿ ಬರುತ್ತದೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ಆದರೆ ಪೂರ್ತಿಯಾಗಿ ಮೇಲ್ಬರಹ ಮಾಡಿಸಿ, ಅಂದರೆ ಹಳೆಯ ದತ್ತಾಂಶದ ಮೇಲೆ ಬೇರೆ ದತ್ತಾಂಶ ಬರೆಸಿ. ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕ್) ಮೇಲ್ಬರಹ ಎಲ್ಲ ಮೂಲೆಗೂ ತಲುಪುವುದಿಲ್ಲ, ತಯಾರಕರೇ ಒದಗಿಸುವ ಸುರಕ್ಷಿತ ಅಳಿಸುವಿಕೆಯ ಸಾಧನ ಬಳಸಿ. ಮೆಮೊರಿ ಕಾರ್ಡ್‌ಗಳನ್ನು ಮಾರಲು ಹೋಗಬೇಡಿ, ಮುರಿದುಬಿಡಿ. ಅವುಗಳ ಬೆಲೆ ಈ ಅಪಾಯಕ್ಕೆ ಸಮವಲ್ಲ. ಕ್ಲೌಡ್‌ನಲ್ಲಿ ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಹೋಗುತ್ತದೆ, ಗೂಗಲ್ ಡ್ರೈವ್‌ನಲ್ಲಿ ಅದು 30 ದಿನ ಅಲ್ಲೇ ಇರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿ, ಹಂಚಿದ ಕೊಂಡಿಗಳನ್ನು ರದ್ದುಪಡಿಸಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ: ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದ ಹೊರತು, ದತ್ತಾಂಶವನ್ನು ಅಳಿಸಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಗಡುವು ಬರಲಿ ಎಂದು ಕಾಯಬೇಕಾಗಿಲ್ಲ. ನಿಮ್ಮ ಗೋಪ್ಯತಾ ಒಪ್ಪಂದಗಳಲ್ಲಿ ಬಹುಪಾಲು ಈಗಾಗಲೇ ಇದನ್ನೇ ಕೇಳುತ್ತಿರುತ್ತವೆ, ಮತ್ತು ಸಂಸ್ಥೆ ಮುಚ್ಚಿದ ಬಳಿಕವೂ ಗುಟ್ಟು ಕಾಯುವ ಹೊಣೆ ಮುಂದುವರಿಯುತ್ತದೆ ಎಂದೂ ಬರೆದಿರುತ್ತವೆ.

ಒಂದು ಅಪವಾದವಿದೆ. ಯಾವುದಾದರೂ ಗ್ರಾಹಕರೊಂದಿಗೆ ವ್ಯಾಜ್ಯ ನಡೆಯುತ್ತಿದ್ದರೆ ಅಥವಾ ನಡೆಯುವ ಸೂಚನೆಯಿದ್ದರೆ ಆ ಕಡತವನ್ನು ಅಳಿಸಬೇಡಿ, ಸಾಕ್ಷ್ಯ ನಾಶದ ಆರೋಪ ಬರುತ್ತದೆ. ಗೂಢಲಿಪೀಕರಿಸಿದ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ, ಒಂದೇ ಪ್ರತಿಯನ್ನು ವಕೀಲರ ಬಳಿ ಇರಿಸಿ.

ಎಲ್ಲ ಮುಗಿದ ಮೇಲೆ ಪ್ರತಿ ಗ್ರಾಹಕರಿಗೂ ಒಂದು ಪುಟದ ದೃಢೀಕರಣ ಕಳುಹಿಸಿ: ಯಾವ ದಿನಗಳ ಶಿಬಿರ, ಯಾವ ಸಾಧನಗಳಿಂದ, ಯಾವ ವಿಧಾನದಲ್ಲಿ, ಯಾವ ದಿನಾಂಕದಂದು ಅಳಿಸಲಾಯಿತು ಎಂಬ ವಿವರದೊಂದಿಗೆ, ನಿಮ್ಮ ಸಹಿ ಹಾಕಿ.

8. ಪಠ್ಯ, ಹೆಸರು, ವಿಮೆ

ನೌಕರರು ಕೆಲಸದ ಭಾಗವಾಗಿ ಬರೆದ ಪಠ್ಯದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಪನಿಯದು. ಹೊರಗಿನ ತರಬೇತುದಾರರು ಬರೆದದ್ದು ಲಿಖಿತ ಹಸ್ತಾಂತರವಿಲ್ಲದಿದ್ದರೆ ಸಾಮಾನ್ಯವಾಗಿ ಅವರದೇ. ಹಸ್ತಾಂತರ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು ಐದು ವರ್ಷವೆಂದು ಪರಿಗಣಿಸುತ್ತದೆ. ಪಠ್ಯವನ್ನು ಮಾರುವ ಮುನ್ನ ಇದನ್ನು ಪರಿಶೀಲಿಸಿ, ಅದರೊಳಗಿನ ಉದಾಹರಣೆಗಳಿಂದ ಗ್ರಾಹಕರ ಗುರುತುಗಳನ್ನು ತೆಗೆಯಿರಿ. ಟ್ರೇಡ್‌ಮಾರ್ಕ್, ಡೊಮೇನ್, ಕೃತಿಸ್ವಾಮ್ಯ ಎಲ್ಲವನ್ನೂ ಕಂಪನಿ ಇರುವಾಗಲೇ ಸರಿಯಾದ ಬೆಲೆಗೆ, ಬರಹದಲ್ಲಿ ವರ್ಗಾಯಿಸಿ.

ವೃತ್ತಿಪರ ಹೊಣೆಗಾರಿಕೆ ವಿಮೆ ಇದ್ದರೆ ಪಾಲಿಸಿ ತೆರೆದು ನೋಡಿ. ಇವುಗಳಲ್ಲಿ ಹೆಚ್ಚಿನವು ದಾವೆ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಮಾತ್ರ ಹಣ ಕೊಡುತ್ತವೆ. ಮುಚ್ಚಿದ ಮೇಲಿನ ಕೆಲವು ವರ್ಷಗಳಿಗೆ ವಿಸ್ತರಿತ ರಕ್ಷಣೆ ಸಿಗುತ್ತದೆಯೇ ಎಂದು ವಿಮಾ ಕಂಪನಿಯನ್ನು ಕೇಳಿ.

9. ಸಲಕರಣೆ ಮಾರಾಟ ಮತ್ತು ಜಿಎಸ್‌ಟಿ

ಇಲ್ಲಿ ಕ್ರಮ ಮುಖ್ಯ: ಮೊದಲು ಮಾರಾಟ, ಆಮೇಲೆ ನೋಂದಣಿ ರದ್ದು. ಕಾರಣವನ್ನು ಒಂದು ಕ್ಯಾಮೆರಾದ ಲೆಕ್ಕದಲ್ಲಿ ತೋರಿಸುತ್ತೇನೆ. ₹2,00,000 ಬೆಲೆಯ ಕ್ಯಾಮೆರಾ ಕೊಂಡಾಗ 18% ದರದಲ್ಲಿ ₹36,000 ತೆರಿಗೆ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಿಂದ ಕಳೆಯುವ ಸೌಲಭ್ಯ) ಪಡೆದಿದ್ದೀರಿ ಎಂದುಕೊಳ್ಳಿ. ಜಿಎಸ್‌ಟಿ ನಿಯಮಗಳು ಬಂಡವಾಳ ಸರಕಿನ ಆಯಸ್ಸನ್ನು ಐದು ವರ್ಷ, ಅಂದರೆ 60 ತಿಂಗಳು ಎಂದು ಎಣಿಸುತ್ತವೆ. ಮೂರು ವರ್ಷ ಬಳಸಿದ್ದರೆ ಉಳಿದದ್ದು 24 ತಿಂಗಳು, ಅದರ ಪಾಲು ₹14,400. ನೋಂದಣಿ ರದ್ದಾಗುವ ದಿನ ಕ್ಯಾಮೆರಾ ನಿಮ್ಮಲ್ಲೇ ಇದ್ದರೆ ಈ ಮೊತ್ತವನ್ನು, ಅಥವಾ ಅದರ ಈಗಿನ ಮೌಲ್ಯದ ಮೇಲಿನ ತೆರಿಗೆಯನ್ನು, ಯಾವುದು ಹೆಚ್ಚೋ ಅದನ್ನು ನೀವೇ ಮರಳಿ ಕಟ್ಟಬೇಕು. ಬದಲಾಗಿ ರದ್ದತಿಗೆ ಮುನ್ನವೇ ₹90,000ಕ್ಕೆ ಮಾರಿದರೆ ₹16,200 ತೆರಿಗೆ ಕೊಳ್ಳುವವರಿಂದ ಬರುತ್ತದೆ. ಅವರೂ ಜಿಎಸ್‌ಟಿ ನೋಂದಾಯಿತರಾಗಿದ್ದರೆ ಅದನ್ನು ಕ್ರೆಡಿಟ್ ಆಗಿ ಪಡೆಯುತ್ತಾರೆ, ಯಾರಿಗೂ ನಷ್ಟವಿಲ್ಲ. ದೀಪ, ಟೆಲಿಪ್ರಾಂಪ್ಟರ್, ಧ್ವನಿ ಸಾಧನ ಎಲ್ಲಕ್ಕೂ ಇದೇ ನ್ಯಾಯ.

ಮಾರಾಟ, ಕ್ರೆಡಿಟ್ ನೋಟ್, ಕೊನೆಯ ಬಿಲ್‌ಗಳು ಮುಗಿದ ಮೇಲೆ ಆರ್‌ಇಜಿ-16 ಅರ್ಜಿಯಲ್ಲಿ ರದ್ದತಿ ಕೋರಿ. ವ್ಯವಹಾರ ನಿಂತ 30 ದಿನಗಳೊಳಗೆ ಇದಾಗಬೇಕು. ರದ್ದತಿಯ ದಿನ ಅಥವಾ ಆದೇಶದ ದಿನ, ಯಾವುದು ನಂತರದ್ದೋ ಅಲ್ಲಿಂದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನ್ ಸಲ್ಲಿಸಬೇಕು. ರದ್ದತಿ ಆದೇಶ ಬಂತೆಂದು ನಿರಾಳರಾಗಿ ಇದನ್ನು ಮರೆತರೆ ದಿನಕ್ಕೆ ₹200ರಂತೆ ₹10,000ವರೆಗೆ ವಿಳಂಬ ಶುಲ್ಕ ಬೀಳುತ್ತದೆ. ಖಾತೆಯಲ್ಲಿ ಉಳಿದ ಕ್ರೆಡಿಟ್ ನಗದಾಗಿ ಕೈಗೆ ಬರುವುದು ಕಷ್ಟ, ಕೊನೆಯ ತೆರಿಗೆಗಳಿಗೇ ಬಳಸಿಕೊಳ್ಳಿ.

ವೃತ್ತಿ ತೆರಿಗೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ, ಭವಿಷ್ಯ ನಿಧಿ, ಇಎಸ್‌ಐ, ಸಾಫ್ಟ್‌ವೇರ್ ಚಂದಾ, ದೂರವಾಣಿ, ವಿದ್ಯುತ್ ಇವನ್ನೆಲ್ಲ ಒಂದೊಂದಾಗಿ ಬರಹದಲ್ಲಿ ರದ್ದುಪಡಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಬಾಡಿಗೆ ಒಪ್ಪಂದದಲ್ಲಿ ಗೋಡೆಗೆ ಅಂಟಿಸಿದ ಧ್ವನಿನಿರೋಧಕ ಹಲಗೆಗಳನ್ನು ತೆಗೆದು ಮೊದಲಿನಂತೆ ಮಾಡಿಕೊಡಬೇಕೆಂಬ ಷರತ್ತಿದೆಯೇ ನೋಡಿ. ಮುಂಗಡ ಕಡಿತವಾಗುವುದು ಹೆಚ್ಚಾಗಿ ಅದರಿಂದಲೇ.

10. ಕಂಪನಿಯ ಹೆಸರು ತೆಗೆಸುವುದು

ಕಾಯುವ ಅವಧಿಯಲ್ಲಿ ವಾರ್ಷಿಕ ಲೆಕ್ಕದ ಎಒಸಿ-4 ಮತ್ತು ವಾರ್ಷಿಕ ರಿಟರ್ನ್‌ನ ಎಂಜಿಟಿ-7ಎ ತಪ್ಪಿಸಬೇಡಿ. ತಡವಾದರೆ ಪ್ರತಿ ಫಾರಂಗೆ ದಿನಕ್ಕೆ ₹100 ಹೆಚ್ಚುವರಿ ಶುಲ್ಕ. ಸಣ್ಣದೆಂದು ಕಾಣುವ ಈ ಮೊತ್ತ ಎರಡು ಫಾರಂಗಳಿಗೆ ಒಂದು ವರ್ಷದಲ್ಲಿ ₹73,000 ಆಗುತ್ತದೆ.

ಆದಾಯ ತೆರಿಗೆಯ ಮರುಪಾವತಿ ಏನಾದರೂ ಬಾಕಿಯಿದ್ದರೆ ಅದು ಖಾತೆಗೆ ಬರುವವರೆಗೆ ಬ್ಯಾಂಕ್ ಖಾತೆ ಇರಲಿ. ಬಂದ ಮೇಲೆ ಉಳಿದ ಬಾಕಿ ತೀರಿಸಿ, ಖಾತೆ ಮುಚ್ಚಿ, ಬ್ಯಾಂಕಿನ ಪತ್ರ ಪಡೆಯಿರಿ. ಆಸ್ತಿಯೂ ಸಾಲವೂ ಶೂನ್ಯವಾದ ಲೆಕ್ಕಪಟ್ಟಿಯನ್ನು ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸಬೇಕು. ಅದು ಅರ್ಜಿಯ ದಿನಕ್ಕೆ 30 ದಿನಗಳಿಗಿಂತ ಹಳೆಯದಾಗಿರಬಾರದು. ವಿಶೇಷ ನಿರ್ಣಯ, ಅಥವಾ ಪಾವತಿಯಾದ ಷೇರು ಬಂಡವಾಳದ ಶೇ 75ರಷ್ಟು ಹೊಂದಿರುವ ಸದಸ್ಯರ ಒಪ್ಪಿಗೆ ಬೇಕು. ನಿರ್ದೇಶಕರು ಎಸ್‌ಟಿಕೆ-3ರಲ್ಲಿ ನಷ್ಟಭರ್ತಿ ಮುಚ್ಚಳಿಕೆಯನ್ನೂ ಎಸ್‌ಟಿಕೆ-4ರಲ್ಲಿ ಪ್ರಮಾಣಪತ್ರವನ್ನೂ ಕೊಡಬೇಕು. ಇವೆಲ್ಲವನ್ನೂ ಲಗತ್ತಿಸಿ ಎಸ್‌ಟಿಕೆ-2 ಸಲ್ಲಿಸಿ. 2023ರ ಮೇ ತಿಂಗಳಿನಿಂದ ಈ ಅರ್ಜಿಗಳನ್ನು ಸಿ-ಪೇಸ್ ಎಂಬ ಕೇಂದ್ರೀಕೃತ ಕಚೇರಿ ನೋಡಿಕೊಳ್ಳುತ್ತದೆ. ನಿರ್ದೇಶಕರ ಡಿಜಿಟಲ್ ಸಹಿಯ ಅವಧಿ ಅಲ್ಲಿಯವರೆಗೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಕಂಪನಿಯ ಹೆಸರು ಬದಲಿಸಿದ್ದರೆ ಅಥವಾ ನೋಂದಾಯಿತ ಕಚೇರಿಯನ್ನು ಬೇರೆ ರಾಜ್ಯಕ್ಕೆ ಒಯ್ದಿದ್ದರೆ ಅರ್ಜಿ ಹಾಕುವಂತಿಲ್ಲ. ಸಲ್ಲಿಕೆಯ ನಂತರ ಸಾರ್ವಜನಿಕ ಪ್ರಕಟಣೆ ಹೊರಡುತ್ತದೆ, ಆಕ್ಷೇಪಣೆಗೆ 30 ದಿನ. ಆಕ್ಷೇಪಣೆ ಬಾರದಿದ್ದರೆ ಹೆಸರು ತೆಗೆದ ಪ್ರಕಟಣೆ ರಾಜಪತ್ರದಲ್ಲಿ ಬರುತ್ತದೆ. ಆಮೇಲೆ ಪ್ಯಾನ್ ಮತ್ತು ಟ್ಯಾನ್ (ಟಿಡಿಎಸ್ ಕಟ್ಟಲು ಪಡೆದ ಸಂಖ್ಯೆ) ಹಿಂತಿರುಗಿಸಿ.

11. ಹೆಸರು ಹೋದ ಮೇಲೂ ಉಳಿಯುವ ಕೆಲಸ

ಹೆಸರು ತೆಗೆಸಿದರೂ ನಿರ್ದೇಶಕರ ಹೊಣೆ ಅಳಿಯುವುದಿಲ್ಲ. ಸಾಲ ಕೊಟ್ಟವರು, ಸದಸ್ಯರು ಅಥವಾ ಕಾರ್ಮಿಕರು ಪ್ರಕಟಣೆಯಿಂದ 20 ವರ್ಷಗಳವರೆಗೆ ನ್ಯಾಯಮಂಡಳಿಗೆ ಹೋಗಿ ಕಂಪನಿಯನ್ನು ಮತ್ತೆ ಪುಸ್ತಕಕ್ಕೆ ಸೇರಿಸಲು ಕೇಳಬಹುದು. ಹಾಗಾಗಿ ಲೆಕ್ಕಪುಸ್ತಕಗಳನ್ನು ಎಂಟು ವರ್ಷ, ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಿ. ಸಿಬ್ಬಂದಿಗೆ ಕೊಟ್ಟ ಹಣದ ರಸೀದಿಗಳು ಮತ್ತು ವಿಡಿಯೊ ಅಳಿಸಿದ ದೃಢೀಕರಣಗಳನ್ನು ನಾನಾದರೆ ಅದಕ್ಕಿಂತಲೂ ಹೆಚ್ಚು ಕಾಲ ಇಡುತ್ತೇನೆ. ಕಡತಗಳು ಎಲ್ಲಿವೆ ಎಂದು ನಿಮ್ಮ ನಂತರ ನೋಡಿಕೊಳ್ಳುವ ಒಬ್ಬರಿಗೆ ತಿಳಿದಿರಲಿ.

ಡೊಮೇನ್ ಹೆಸರನ್ನು ಮಾತ್ರ ಕೈಬಿಡಬೇಡಿ. ಹೆಚ್ಚಿನವರು ವರ್ಷಕ್ಕೆ ಕೆಲವು ನೂರು ರೂಪಾಯಿ ಉಳಿಸಲು ಅದನ್ನು ಬಿಟ್ಟುಕೊಡುತ್ತಾರೆ. ಅವಧಿ ಮುಗಿದ ಡೊಮೇನನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರು ಆ ವಿಳಾಸಕ್ಕೆ ಬರುವ ಎಲ್ಲ ಇ-ಮೇಲ್‌ಗಳನ್ನೂ ತಮಗೆ ಬರುವಂತೆ ಮಾಡಿಕೊಳ್ಳಬಹುದು. ಸಂಸ್ಥೆ ಮುಚ್ಚಿದ್ದು ಗೊತ್ತಿಲ್ಲದ ಹಳೆಯ ಗ್ರಾಹಕರೊಬ್ಬರು ಬಿಕ್ಕಟ್ಟಿನ ನಡುವೆ ‘ತುರ್ತು, ಗೋಪ್ಯ’ ಎಂದು ಬರೆದ ಪತ್ರ ಅಪರಿಚಿತರ ಕೈ ಸೇರುತ್ತದೆ. ಆ ವಿಳಾಸಕ್ಕೆ ಜೋಡಿಸಿದ ಹಳೆಯ ಕ್ಲೌಡ್ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಅವರಿಗೇ ಹೋಗುತ್ತದೆ. ಆದ್ದರಿಂದ ಡೊಮೇನನ್ನು ಕಂಪನಿ ಇರುವಾಗಲೇ ನಿಮ್ಮ ವೈಯಕ್ತಿಕ ಹೆಸರಿಗೆ ವರ್ಗಾಯಿಸಿ, ಕನಿಷ್ಠ ಐದು ವರ್ಷಕ್ಕೆ ಒಮ್ಮೆಲೇ ನವೀಕರಿಸಿ. ಬ್ಯಾಂಕ್, ತೆರಿಗೆ ಮತ್ತು ಕಂಪನಿ ವ್ಯವಹಾರಗಳ ಪೋರ್ಟಲ್‌ಗಳಲ್ಲಿರುವ ಇ-ಮೇಲ್ ಹಾಗೂ ಮೊಬೈಲ್ ಸಂಖ್ಯೆಯನ್ನು ವೈಯಕ್ತಿಕವಾದವುಗಳಿಗೆ ಬದಲಿಸಿ. ಹಳೆಯ ಇ-ಮೇಲ್‌ಗೆ ಸ್ವಯಂಚಾಲಿತ ಉತ್ತರ ಇರಿಸಿ: ‘ಈ ಸಂಸ್ಥೆ ಈಗ ಕಾರ್ಯನಿರ್ವಹಿಸುತ್ತಿಲ್ಲ. ದಯವಿಟ್ಟು ಈ ವಿಳಾಸಕ್ಕೆ ಗೋಪ್ಯ ಮಾಹಿತಿ ಕಳುಹಿಸಬೇಡಿ.’ ವೆಬ್‌ಸೈಟಿನಲ್ಲಿ ಅದೇ ಮಾತಿರುವ ಒಂದೇ ಪುಟ ಉಳಿಸಿ, ಗ್ರಾಹಕರ ಹೆಸರು, ಲಾಂಛನ, ಶಿಬಿರದ ಫೋಟೊಗಳನ್ನು ತೆಗೆದುಹಾಕಿ. ನವೀಕರಣದ ದಿನಾಂಕವನ್ನು ಫೋನ್‌ನ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.